ಗ್ರಾಮಸಭೆಯಲ್ಲಿ ಕೂಗಾಡಿ ಬಂದವನ ಪ್ರಶ್ನೆ: ಒಳಗೆ ನೋಡಿಕೊಂಡರೆ ಊರಿಗೇನು ಲಾಭ?

ಮಳೆಡೈರಿ (ಸೋಮವಾರಪೇಟೆ ಕಡೆ) · ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಮಳೆ ಡೈರಿ ಇದೆ. ಕೊಡಗಿನ ತೋಟದ ಮನೆಗಳಲ್ಲಿ ಇದು ಹೊಸದೇನಲ್ಲ. ಬೆಳಿಗ್ಗೆ ಎದ್ದು ಅಂಗಳದ ಮಳೆ ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಇಂಚು ಎಷ್ಟು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಎಷ್ಟು ಅಂತ ಬರೆದಿಡುವುದು. ಅಜ್ಜ ಬರೆದರು, ಅಪ್ಪ ಬರೆದರು, ಈಗ ನಾನು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ಆ ವಾರ ಅಂಕಿಯ ಕೆಳಗೆ ಒಂದು ಸಾಲು ಜಾಸ್ತಿ ಬರೆದೆ. ಭಯ ಆಗಿತ್ತು, ಮನೆಯಲ್ಲಿ ಯಾರ ಹತ್ತಿರವೂ ಹೇಳುವ ಹಾಗಿರಲಿಲ್ಲ, ಅದಕ್ಕೆ. ಆಮೇಲೆ ಅದೇ ಅಭ್ಯಾಸ ಆಗಿಹೋಯಿತು. ದಿನಕ್ಕೆ ಒಂದೇ ಸಾಲು, ನನ್ನ ಬಗ್ಗೆ, ಸುಳ್ಳು ಬರೆಯದೆ.

ಮೊನ್ನೆ ನಮ್ಮ ಗ್ರಾಮಸಭೆ ಇತ್ತು. ಶಾಲೆಯ ಹಾಲ್, ಕರೆಂಟಿಲ್ಲ, ಮೈಕ್ ಇಲ್ಲ, ಹೊರಗೆ ಗುಡುಗು. ಕ್ರಿಯಾ ಯೋಜನೆಗೆ ಕೆಲಸ ಸೇರಿಸುವ ಹೊತ್ತಿಗೆ ನಾನು ಎದ್ದು ನಮ್ಮ ಕಡೆಯ ಮಣ್ಣುರಸ್ತೆಗೆ ಕಾಂಕ್ರೀಟ್ ಹಾಕಬೇಕು ಅಂದೆ. ಅಂಗನವಾಡಿ ಟೀಚರ್ ಒಬ್ಬರು ಎದ್ದು, ಮೊದಲು ಮೇಲಿನ ಕಾಲನಿಗೆ ನೀರು ಕೊಡಿ, ಹದಿನೆಂಟು ಮನೆಯವರು ಕೊಡ ಹೊತ್ತು ತರುತ್ತಿದ್ದಾರೆ ಅಂದರು. ನನಗೆ ಏನಾಯಿತೋ, ಕೂಗಿಬಿಟ್ಟೆ. ಊರು ಮುಂದೆ ಬರಬೇಕಾ ಬೇಡವಾ, ಪ್ರತಿ ಸಲ ನಿಮ್ಮದು ಇದೇ ರಾಗ, ಹಾಗೆ ಹೀಗೆ. ನಮ್ಮ ಕಡೆಯವರು ಚಪ್ಪಾಳೆ ತಟ್ಟಿದರು. ರಸ್ತೆ ಪಟ್ಟಿಗೆ ಸೇರಿತು.

ಮರುದಿನ ಬೆಳಿಗ್ಗೆ ಮಾಪಕದಲ್ಲಿ 85 ಸೆಂಟ್. ಬರೆದೆ. ಕೆಳಗಿನ ಸಾಲು ಬರೆಯಲು ಹೋದಾಗ ಪೆನ್ನು ನಿಂತಿತು. ಕೊನೆಗೆ ಬರೆದದ್ದು ಇಷ್ಟು: "ರಸ್ತೆ ಕೇಳಿದ್ದು ಊರಿಗಾ, ನನ್ನ ಪಿಕಪ್‌ಗಾ?"

ಆ ರಸ್ತೆಯಲ್ಲಿ ದಿನಾ ಓಡಾಡುವ ಗಾಡಿ ಮೂರು. ಅದರಲ್ಲಿ ಎರಡು ನಮ್ಮವೇ.

ಇದನ್ನು ಗೆಳೆಯನಿಗೆ ಹೇಳಿದರೆ ಅವನು ನಗುತ್ತಾನೆ. ಅವನು ಸಂಘಟನೆ, ಹೋರಾಟ ಅಂತ ಓಡಾಡುವವನು. "ಡೈರಿ, ಧ್ಯಾನ ಎಲ್ಲ ಹೊಟ್ಟೆ ತುಂಬಿದವರ ಆಟ, ಬೀದಿಗೆ ಬಾ" ಅನ್ನುತ್ತಾನೆ. ಇನ್ನೊಂದು ಕಡೆ ನಮ್ಮ ಚಿಕ್ಕಮ್ಮ ವರ್ಷಕ್ಕೆ ಎರಡು ಸಲ ಧ್ಯಾನ ಶಿಬಿರಕ್ಕೆ ಹೋಗುತ್ತಾರೆ, ವೋಟು ಹಾಕಲು ಮಾತ್ರ ಬರುವುದಿಲ್ಲ, ರಾಜಕೀಯ ಎಲ್ಲ ಕೊಳಕಂತೆ. ನನಗೆ ಇಬ್ಬರೂ ಸರಿ ಕಾಣುತ್ತಿಲ್ಲ. ಒಬ್ಬನೇ ಕೂತು ಯೋಚಿಸುವುದಕ್ಕೂ ಪ್ರಜಾಪ್ರಭುತ್ವಕ್ಕೂ ಏನಾದರೂ ಸಂಬಂಧ ಇದೆಯಾ? ಇಲ್ಲಾ ನಾನು ಸುಮ್ನೆ ಮನಸ್ಸಿಗೆ ಸಮಾಧಾನ ಮಾಡಿಕೊಳ್ಳುತ್ತಿದ್ದೇನಾ? ಉಪದೇಶ ಬೇಡ, ಅನುಭವ ಇದ್ದರೆ ಹೇಳಿ.

ಹಳೇಮೇಷ್ಟ್ರು (ಮಡಿಕೇರಿ) · ರಾತ್ರಿ 11:35

ಉಪದೇಶ ಬೇಡ ಅಂದಿರಿ, ಮೂವತ್ತು ವರ್ಷ ಪಾಠ ಮಾಡಿದವನಿಗೆ ಅದೇ ಕಷ್ಟ. ಕತೆ ಹೇಳುತ್ತೇನೆ.

ಕ್ರಿ.ಪೂ. 406. ಅಥೆನ್ಸ್‌ನ ನೌಕಾಪಡೆ ಅರ್ಗಿನೂಸೆ ಎಂಬಲ್ಲಿ ಸ್ಪಾರ್ಟಾವನ್ನು ಸೋಲಿಸಿತು. ಗೆದ್ದರೂ ಬಿರುಗಾಳಿ ಎದ್ದು, ಮುಳುಗುತ್ತಿದ್ದ ಹಡಗುಗಳ ನಾವಿಕರನ್ನು ಎತ್ತಿಕೊಳ್ಳಲು ಆಗಲಿಲ್ಲ. ಊರಿಗೆ ಸುದ್ದಿ ಬಂತು, ಜನ ಸಿಟ್ಟಾದರು. ಸೇನಾಪತಿಗಳನ್ನು ಒಬ್ಬೊಬ್ಬರಾಗಿ ವಿಚಾರಣೆ ಮಾಡುವುದು ಬೇಡ, ಎಲ್ಲರ ತಲೆಯನ್ನೂ ಒಂದೇ ವೋಟಿನಲ್ಲಿ ತೀರ್ಮಾನ ಮಾಡೋಣ ಅಂತ ಕೂಗು ಎದ್ದಿತು. ಅದು ಅವರದೇ ಕಾನೂನಿಗೆ ವಿರುದ್ಧ. ಆ ದಿನ ಸಭೆ ನಡೆಸುವ ಗುಂಪಿನಲ್ಲಿ ಸಾಕ್ರಟೀಸ್ ಇದ್ದ. ತಡೆದರೆ ನಿಮ್ಮನ್ನೂ ಅವರ ಜೊತೆ ಸೇರಿಸುತ್ತೇವೆ ಅಂದಾಗ ಉಳಿದವರು ಹೆದರಿ ಒಪ್ಪಿದರು. ಅವನು ಒಪ್ಪಲಿಲ್ಲ. ಆರು ಜನರನ್ನು ಕೊಂದರು. ಆಮೇಲೆ ಅದೇ ಜನ ತಪ್ಪಾಯಿತು ಅಂತ ಪಶ್ಚಾತ್ತಾಪ ಪಟ್ಟರು.

ಗಮನಿಸಿ, ಇದನ್ನು ಮಾಡಿದ್ದು ರಾಜ ಅಲ್ಲ. ಸಭೆ ಸೇರಿದ ಪ್ರಜೆಗಳೇ. ಮತ್ತೆ ಪೂರ್ತಿ ಹೇಳಬೇಕೆಂದರೆ, ಸಾಕ್ರಟೀಸ್ ಬೇಡ ಅಂದದ್ದರಿಂದ ಯಾರ ಜೀವವೂ ಉಳಿಯಲಿಲ್ಲ. ಹಾಗಾಗಿ ಒಳಗಿನ ದನಿ ಊರನ್ನು ಕಾಪಾಡುತ್ತದೆ ಅಂತ ನಾನು ಬರೆದುಕೊಡುವುದಿಲ್ಲ.

ನಮ್ಮಲ್ಲಿ ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಇದನ್ನೇ ಬೇರೆ ಕಡೆಯಿಂದ ಹೇಳಿದರು. ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿ ಆಗಬಹುದು, ರಾಜಕೀಯದಲ್ಲಿ ಭಕ್ತಿ ಬಂದರೆ ಅದು ಸರ್ವಾಧಿಕಾರಕ್ಕೇ ದಾರಿ ಅಂತ. ನನಗೆ ಅನ್ನಿಸುವುದು, ಭಕ್ತನಿಗೂ ಪ್ರಜೆಗೂ ಇರುವ ವ್ಯತ್ಯಾಸ ರಾತ್ರಿ ಮನೆಗೆ ಬಂದ ಮೇಲೆ ತಿಳಿಯುವುದು. ಭಕ್ತ ಚಪ್ಪಾಳೆ ತಟ್ಟಿ ಬಂದು ನಿದ್ರೆ ಮಾಡುತ್ತಾನೆ. ಪ್ರಜೆಗೆ ನಿಮ್ಮ ಹಾಗೆ ಪೆನ್ನು ನಿಲ್ಲುತ್ತದೆ.

ಕೊಡಗಿನ ಮಾತೂ ಒಂದಿದೆ. 1952ರಲ್ಲಿ ಕೊಡಗು ಇನ್ನೂ ಬೇರೆ ರಾಜ್ಯ, 24 ಸೀಟಿನ ವಿಧಾನಸಭೆ. ಮೈಸೂರಿಗೆ ಸೇರಬೇಕಾ ಬೇಡವಾ ಅನ್ನುವುದೇ ದೊಡ್ಡ ಜಗಳ. ಒಂದು ಕಡೆ ಸಿ.ಎಂ. ಪೂಣಚ್ಚ, ಇನ್ನೊಂದು ಕಡೆ ತಕ್ಕಡಿ ಗುರುತಿನವರ ಜೊತೆ ಪಂದ್ಯಂಡ ಬೆಳ್ಯಪ್ಪ. ಇಬ್ಬರೂ ಸ್ವಾತಂತ್ರ್ಯ ಹೋರಾಟದಿಂದ ಬಂದವರು, ಇಬ್ಬರೂ ಗಾಂಧಿಯನ್ನು ನಂಬಿದವರು. ಮನಸ್ಸನ್ನು ಎಷ್ಟು ತೊಳೆದುಕೊಂಡರೂ ಎಲ್ಲರಿಗೂ ಒಂದೇ ಉತ್ತರ ಕಾಣುವುದಿಲ್ಲ, ಅಲ್ವಾ? 1956ರ ನವೆಂಬರ್ 1ಕ್ಕೆ ವಿಲೀನ ಆಯಿತು. ನಮ್ಮ ಮನೆಯಲ್ಲೇ ಅಪ್ಪ ಒಂದು ಕಡೆ, ದೊಡ್ಡಪ್ಪ ಇನ್ನೊಂದು ಕಡೆ. ಆದರೂ ಹುತ್ತರಿ ಸುಗ್ಗಿ ಹಬ್ಬಕ್ಕೆ ಒಂದೇ ಗದ್ದೆಯಲ್ಲಿ ಕದಿರು ತೆಗೆದರು.

ಕಾಡಾನೆ ಸಂತ್ರಸ್ತ · ರಾತ್ರಿ 11:52

ಮೇಷ್ಟ್ರೇ ಓದಿ ನಿದ್ರೆ ಬಂತು. ನಮ್ಮ ತೋಟಕ್ಕೆ ಆನೆ ಬಂದಿದೆ, ಬಾಳೆ ಎಲ್ಲ ಹೋಯಿತು, ಕೂತು ಆತ್ಮಾವಲೋಕನ ಮಾಡಲಾ?

ಹಳೇಮೇಷ್ಟ್ರು · ರಾತ್ರಿ 11:58

ಮೊದಲು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ ಮಾರಾಯರೆ.

ರಿಟೈರ್ಡ್ ಸುಬೇದಾರ್ (ಪೊನ್ನಂಪೇಟೆ) · ಬೆಳಿಗ್ಗೆ 6:10

ನಾನು ಫೌಜಿನವನು, ಜಾಸ್ತಿ ಯೋಚನೆ ಮಾಡುವವರನ್ನು ಕಂಡರೆ ಆಗುವುದಿಲ್ಲ. ಯೋಚನೆ ಮಾಡುತ್ತಾ ಕೂತವನು ಕೆಲಸ ಮಾಡಿದ್ದು ನಾನು ನೋಡಿಲ್ಲ. ಆದರೂ ಒಂದು ಹೇಳುತ್ತೇನೆ.

ರಜೆಯಲ್ಲಿ ಬಂದಾಗ ನಮ್ಮ ಐನ್‌ಮನೆಯ, ಅಂದರೆ ಕುಲದ ಮೂಲ ಮನೆಯ, ಮಾಡು ರಿಪೇರಿಗೆ ಒಕ್ಕದವರೆಲ್ಲ (ಒಂದೇ ಕುಲದವರು) ಸೇರಿದ್ದೆವು. ಮನೆಗೆ ಇಷ್ಟು ಅಂತ ದುಡ್ಡು ಹಾಕಬೇಕು. ನಾನು ಆರ್ಡರ್ ಕೊಡುವ ದನಿಯಲ್ಲಿ ಮಾತಾಡಿದೆ. ಅಲ್ಲಿ ಅಭ್ಯಾಸ, ಇಲ್ಲಿ ತಪ್ಪು. ಬೆಂಗಳೂರಲ್ಲಿ ಇರುವವರು ಜಾಸ್ತಿ ಕೊಡಲಿ, ನಾವು ದೇಶ ಕಾಯುವವರು, ಅಂತೆಲ್ಲ ಅಂದೆ. ದೊಡ್ಡಪ್ಪ ಒಬ್ಬರು ಇದ್ದರು, ತೊಂಬತ್ತರ ಹತ್ತಿರ. "ಊಟ ಮಾಡಿ ಬಾ, ಆಮೇಲೆ ಹೇಳು" ಅಂದರು. ಅಷ್ಟೇ.

ಊಟ ಆಯಿತು. ಜಗುಲಿಯ ಐಮರದ (ಕಂಬಗಳ ನಡುವಿನ ಮರದ ಹಲಗೆ) ಮೇಲೆ ಒಬ್ಬನೇ ಕೂತೆ. ಒಳಗೆ ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ದೀಪ ಕಾಣುತ್ತಿತ್ತು. ನಮ್ಮಲ್ಲಿ ಗುರು ಕಾರೋಣರ (ಕುಲದ ಹಿರಿಯರ) ಆ ದೀಪದ ಮುಂದೆ ಸುಳ್ಳು ಹೇಳಲು ನಾಲಿಗೆ ಏಳುವುದಿಲ್ಲ. ಕೂತು ಲೆಕ್ಕ ಹಾಕಿದೆ. ನನ್ನ ಹತ್ತಿರ ದುಡ್ಡು ಇತ್ತು. ಬೈಕ್ ತೆಗೆಯಬೇಕು ಅಂತ ಇಟ್ಟುಕೊಂಡಿದ್ದೆ. ದೇಶ ಕಾಯುವ ಮಾತು ಬಂದದ್ದು ಆ ಬೈಕಿಗೋಸ್ಕರ.

ಒಳಗೆ ಹೋಗಿ ನನ್ನ ಪಾಲು ಕೊಟ್ಟೆ. ಯಾಕೆ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಇವತ್ತು ಇಲ್ಲಿ ಹೇಳುತ್ತಿದ್ದೇನೆ.

ಗ್ರಾಮಸಭೆಯಲ್ಲಿ ಊಟ ಮಾಡಿ ಬಾ ಅನ್ನುವ ದೊಡ್ಡಪ್ಪ ಇಲ್ಲ. ಅದೇ ತೊಂದರೆ. ಹನ್ನೊಂದಕ್ಕೆ ಶುರು, ಒಂದೂವರೆಗೆ ಮುಗಿಸಬೇಕು, ಸಹಿ ಹಾಕು, ಉಪ್ಪಿಟ್ಟು ತಿನ್ನು, ಹೋಗು.

ಲೈನ್‌ಮನೆ ಹುಡುಗಿ (ಸಿದ್ದಾಪುರ ಕಡೆ) · ಬೆಳಿಗ್ಗೆ 8:25

ಎಲ್ಲ ಚೆನ್ನಾಗಿ ಬರೆದಿದ್ದೀರಿ. ಆದರೆ ಓದುತ್ತಾ ನನಗೆ ಸಿಟ್ಟೂ ಬಂತು, ನಗುವೂ ಬಂತು. ಡೈರಿ ಇರುವುದು ತೋಟದ ಮನೆಯಲ್ಲಿ. ಐಮರ ಇರುವುದು ಐನ್‌ಮನೆಯಲ್ಲಿ. ನಾನು ಹುಟ್ಟಿ ಬೆಳೆದದ್ದು ತೋಟದ ಕೂಲಿಯವರ ಲೈನ್‌ಮನೆಯಲ್ಲಿ. ಒಂದು ಕೋಣೆ, ಒಂದು ಅಡುಗೆ ಜಾಗ, ಆರು ಜನ. ಪಕ್ಕದ ಮನೆಯವರು ಕೆಮ್ಮಿದರೆ ನಮಗೆ ಎಚ್ಚರ ಆಗುತ್ತದೆ. ಒಬ್ಬರೇ ಕೂತು ಒಳಗೆ ನೋಡಿಕೊಳ್ಳಿ ಅಂದರೆ ಎಲ್ಲಿ ಕೂರೋದು ಹೇಳಿ? ಮಳೆಡೈರಿ ಅವರ ಗೆಳೆಯ ಹೊಟ್ಟೆ ತುಂಬಿದವರ ಆಟ ಅಂದದ್ದರಲ್ಲಿ ಅರ್ಧ ಸತ್ಯ ಇದೆ.

ಸಭೆಯ ವಿಷಯವೂ ಹಾಗೇ. ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇಡುತ್ತಾರೆ. ಅಮ್ಮ ಹೋದರೆ ಆ ದಿನದ ಕೂಲಿ ಹೋಯಿತು. ಕೊಯ್ಲಿನಲ್ಲಂತೂ ಕೇಳಲೇಬೇಡಿ, ಹಣ್ಣು ಕಿತ್ತಷ್ಟು ಕೆಜಿಗೆ ದುಡ್ಡು. ರಜೆ ಸಿಗುವುದು ಸಂತೆ ದಿನ, ಆ ದಿನ ಅಕ್ಕಿ ತರಬೇಕು, ಬಟ್ಟೆ ಒಗೆಯಬೇಕು.

ಇನ್ನರ್ಧ ಸತ್ಯ ಏನು ಅಂತ ಹೇಳುತ್ತೇನೆ. ನಮ್ಮ ಲೈನಿನ ಹಿಂದೆ ಕಕ್ಕಸು ಕೆಟ್ಟು ಎರಡು ವರ್ಷ ಆಗಿತ್ತು. ಅಮ್ಮ ಯಾವ ಸಭೆಯಲ್ಲೂ ಬಾಯಿ ಬಿಟ್ಟವಳಲ್ಲ. ಮಹಿಳಾ ಗ್ರಾಮಸಭೆ ಅಂತ ಒಂದು ಇರುತ್ತದಲ್ಲ, ಅವತ್ತು ಮಳೆ ಬಂದು ಕೆಲಸ ಇರಲಿಲ್ಲ, ಹೋದಳು. ಎದ್ದು ನಿಂತು ನಾಲ್ಕೇ ಮಾತು ಹೇಳಿದಳು. ಎಷ್ಟು ಮನೆ, ಎಷ್ಟು ಹೆಂಗಸರು, ಕತ್ತಲಲ್ಲಿ ಎಷ್ಟು ದೂರ ಹೋಗಬೇಕು, ಹೋದ ವರ್ಷ ಯಾರಿಗೆ ಹಾವು ಕಚ್ಚಿತು. ಅಳಲಿಲ್ಲ, ಕೂಗಲಿಲ್ಲ. ನನಗೆ ಮೈ ಜುಂ ಅಂದಿತು. ಮನೆಗೆ ಬಂದು ಇಷ್ಟು ಚೆನ್ನಾಗಿ ಹೇಗೆ ಹೇಳಿದೆ ಅಂತ ಕೇಳಿದರೆ, "ಕಾಫಿ ಕೊಯ್ಯುವಾಗ ಗಿಡಕ್ಕೆ ಹೇಳಿ ಹೇಳಿ ಅಭ್ಯಾಸ ಮಾಡಿದ್ದೆ" ಅಂದಳು. ಮೊದಲು ಹೇಳುವಾಗ ಬರೀ ಬೈಗುಳ ಬರುತ್ತಿತ್ತಂತೆ. ದಿನಾ ಹೇಳಿ ಹೇಳಿ ಬೈಗುಳ ಉದುರಿ ಲೆಕ್ಕ ಉಳಿಯಿತಂತೆ.

ನಿಮ್ಮ ಡೈರಿಯ ಸಾಲು ಯಾವುದೋ, ಅವಳಿಗೆ ರೊಬಸ್ಟಾ ಕಾಫಿ ಗಿಡದ ಸಾಲು ಅದೇ. ಆದರೆ ದಯವಿಟ್ಟು ಇದನ್ನು "ನೋಡಿ, ಬಡವರಿಗೂ ಒಳಗಿನ ಬದುಕು ಇದೆ" ಅಂತ ಹೊಗಳಿ ಮುಗಿಸಬೇಡಿ. ಸಭೆಯ ಹೊತ್ತು ಬದಲಾಯಿಸಿ. ಸಂಜೆ ಆರಕ್ಕೆ ಇಡಿ.

ಮಳೆಡೈರಿ · ಬೆಳಿಗ್ಗೆ 9:40

ಅಕ್ಕಾ, ಗಟ್ಟಿಯಾಗಿ ಹೊಡೆದಿರಿ. ಬೈಗುಳ ಉದುರಿ ಲೆಕ್ಕ ಉಳಿಯಿತು ಅನ್ನುವುದನ್ನು ಇವತ್ತಿನ ಪುಟದಲ್ಲಿ ಬರೆದುಕೊಂಡೆ. ನನ್ನದು ಉಲ್ಟಾ ಆಗಿತ್ತು. ಲೆಕ್ಕ ಇರಲೇ ಇಲ್ಲ.

ಲೈನ್‌ಮನೆ ಹುಡುಗಿ · ಬೆಳಿಗ್ಗೆ 9:44

ಅಕ್ಕ ಅನ್ನಬೇಡಿ, ನನಗೆ ಇಪ್ಪತ್ತೆರಡು.

ಮಾಜಿ ಮೆಂಬರ್ (ಮಡಿಕೇರಿ ತಾಲ್ಲೂಕು) · ಮಧ್ಯಾಹ್ನ 2:15

ಅಡುಗೆ ಮುಗಿಸಿ ಈಗ ಓದಿದೆ. ನಾನು ಒಂದು ಅವಧಿ ಪಂಚಾಯಿತಿ ಸದಸ್ಯೆ ಆಗಿದ್ದವಳು. ಅರ್ಧ ಸೀಟು ಹೆಂಗಸರಿಗೆ ಅಂತ ಇದೆಯಲ್ಲ, ಹಾಗೆ ನಿಂತದ್ದು. ಸಹಿ ನನ್ನದು, ಮಾತು ನಮ್ಮ ಮನೆಯವರದ್ದು. ಮೊದಲ ವರ್ಷ ಸಭೆಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಏನಾದರೂ ಕೇಳಿದರೆ ನಾನು ಬಾಗಿಲ ಕಡೆ ನೋಡುತ್ತಿದ್ದೆ, ಇವರು ಹೊರಗೆ ನಿಂತಿರುತ್ತಿದ್ದರು.

ನನಗೆ ಅಭಿಪ್ರಾಯ ಇರಲಿಲ್ಲ ಅಂತಲ್ಲ. ಇದೆ ಅಂತ ನನಗೇ ಗೊತ್ತಿರಲಿಲ್ಲ. ಯಾರೂ ಕೇಳದೆ ಇದ್ದರೆ ನಮಗೆ ಏನು ಅನ್ನಿಸುತ್ತದೆ ಅನ್ನುವುದು ನಮಗೂ ಮರೆತುಹೋಗುತ್ತದೆ. ಇದು ಹೆಂಗಸರಿಗೆ ಬೇಗ ಅರ್ಥ ಆಗುತ್ತದೆ.

ವಸತಿ ಯೋಜನೆಯ ಫಲಾನುಭವಿ ಪಟ್ಟಿ ಬಂತು. ನಾಲ್ಕು ಮನೆ, ಹನ್ನೊಂದು ಅರ್ಜಿ. ಯಾರ ಹೆಸರು ಹೇಳಬೇಕು ಅಂತ ನನಗೆ ಹೇಳಿಕೊಟ್ಟು ಕಳಿಸಿದ್ದರು. ಹಿಂದಿನ ರಾತ್ರಿ ನಿದ್ರೆ ಬರಲಿಲ್ಲ. ಮಗಳ ಹಳೇ ನೋಟ್‌ಬುಕ್ಕಿನ ಹಿಂದೆ ಹನ್ನೊಂದು ಹೆಸರೂ ಬರೆದು, ಪ್ರತಿ ಹೆಸರಿನ ಮುಂದೆ ಬೇಕು ಅಥವಾ ಬೇಡ, ಯಾಕೆ ಅಂತ ಬರೆಯುತ್ತಾ ಹೋದೆ. ಒಂದು ಹೆಸರಿಗೆ ಬೇಡ ಅಂತ ಬರೆದೆ. ಯಾಕೆ ಅನ್ನುವ ಜಾಗದಲ್ಲಿ ಬರೆಯಲು ಏನೂ ಇರಲಿಲ್ಲ. ಆ ಹೆಂಗಸಿನ ಮನೆಗೆ ಗೋಡೆಯೇ ಇರಲಿಲ್ಲ, ಟಾರ್ಪಾಲು. ನನಗೆ ಅವಳ ಮೇಲೆ ಇದ್ದದ್ದು ಹಲಸಿನ ಮರದ ಜಗಳ. ಏಳು ವರ್ಷ ಹಳೆಯದು. ಮರವನ್ನೂ ಕಡಿದಾಗಿತ್ತು.

ಸಭೆಯಲ್ಲಿ ಅವಳ ಹೆಸರು ನಾನೇ ಹೇಳಿದೆ. ಅವಳಿಗೆ ಮನೆ ಸಿಕ್ಕಿತು. ನನ್ನನ್ನು ಮುಂದಿನ ಸಲ ನಿಲ್ಲಿಸಲಿಲ್ಲ. ಎರಡನ್ನೂ ಹೇಳುತ್ತಿದ್ದೇನೆ, ಒಳಗೆ ನೋಡಿಕೊಂಡರೆ ಬರೀ ಒಳ್ಳೆಯದೇ ಆಗುತ್ತದೆ ಅಂತ ಯಾರೂ ತಿಳಿಯಬಾರದು.

ಕತೆಗಾರ್ತಿ ಕೊಡಗಿನ ಗೌರಮ್ಮ ನನಗೆ ಆಗಾಗ ನೆನಪಾಗುತ್ತಾರೆ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೆ ಬರುವ ತನಕ ಊಟ ಮಾಡುವುದಿಲ್ಲ ಅಂತ ಹಠ ಹಿಡಿದು ಕೂತರು. ಗಾಂಧೀಜಿ ಬಂದರು. ಗೌರಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಎಲ್ಲರೂ ಒಡವೆಯ ಕತೆ ಹೇಳುತ್ತಾರೆ. ನನಗೆ ಆ ಹಸಿದು ಕೂತ ಹೊತ್ತು ಮುಖ್ಯ ಅನ್ನಿಸುತ್ತದೆ. ಇದು ನನ್ನ ತೀರ್ಮಾನ ಅಂತ ಹೆಂಗಸೊಬ್ಬಳು ಮನೆಯೊಳಗೇ ಕೂತು ಊರಿಗೆ ಹೇಳಿದ್ದು.

ಇನ್ನು ವಾಟ್ಸಾಪ್. ನಮ್ಮ ವಾರ್ಡಿನ ಗ್ರೂಪಿನಲ್ಲಿ ಬರುವ ಮಾತಿನಲ್ಲಿ ಬರೆದವರ ಸ್ವಂತದ್ದು ಒಂದು ಸಾಲೂ ಇರುವುದಿಲ್ಲ. ಎಲ್ಲ ಫಾರ್ವರ್ಡ್. ಎದುರು ಸಿಕ್ಕಿದಾಗ ಅದೇ ಮನುಷ್ಯ ಎಷ್ಟು ಚೆನ್ನಾಗಿ ಮಾತಾಡುತ್ತಾನೆ ಗೊತ್ತಾ.

ಹಳೇಮೇಷ್ಟ್ರು · ಸಂಜೆ 4:05

ಮೇಡಂ, ಆ ಕೊನೆಯ ಮಾತಿಗೆ ಒಂದೇ ಒಂದು ಸೇರಿಸುತ್ತೇನೆ, ಆನೆಯವರು ಮಲಗಿದ್ದಾರೆ ಅಂದುಕೊಂಡು. 1961ರಲ್ಲಿ ಜೆರುಸಲೇಮಿನಲ್ಲಿ ಐಕ್‌ಮನ್ ಎಂಬ ನಾಜಿ ಅಧಿಕಾರಿಯ ವಿಚಾರಣೆ ನಡೆಯಿತು. ಲಕ್ಷಗಟ್ಟಲೆ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡವನು. ಹನ್ನಾ ಅರೆಂಟ್ ಎಂಬ ಚಿಂತಕಿ ಅದನ್ನು ವರದಿ ಮಾಡಲು ಹೋಗಿದ್ದರು. ರಾಕ್ಷಸ ಕಾಣುತ್ತಾನೆ ಅಂದುಕೊಂಡರೆ ಅವರಿಗೆ ಕಂಡದ್ದು ಸಿದ್ಧ ಮಾತುಗಳನ್ನು ಬಿಟ್ಟು ಬೇರೆ ಏನೂ ಆಡಲು ಬರದ ಮನುಷ್ಯ. ಯೋಚನೆ ಅಂದರೆ ತನ್ನ ಜೊತೆ ತಾನೇ ಮಾತಾಡುವುದು ಅಂತ ಅವರು ಆಮೇಲೆ ಬರೆದರು. ಆ ಮಾತುಕತೆಯೇ ಇಲ್ಲದವನು ಏನನ್ನು ಬೇಕಾದರೂ ಫಾರ್ವರ್ಡ್ ಮಾಡುತ್ತಾನೆ. ಅವರು ಐಕ್‌ಮನ್‌ನನ್ನು ಸರಿಯಾಗಿ ಅಳೆಯಲಿಲ್ಲ, ಅವನು ಅಷ್ಟು ಪೆದ್ದ ಅಲ್ಲ ಅಂತ ವಾದ ಮಾಡಿದವರೂ ಬಹಳ ಇದ್ದಾರೆ. ಇರಲಿ. ಗಿಡಕ್ಕೆ ಹೇಳಿ ಹೇಳಿ ಅಭ್ಯಾಸ ಮಾಡಿದ ತಾಯಿಯ ಪಕ್ಕ ಇದನ್ನು ಇಟ್ಟು ನೋಡಿ.

ಕಾಡಾನೆ ಸಂತ್ರಸ್ತ · ಸಂಜೆ 4:20

ಎದ್ದಿದ್ದೇನೆ. ಆನೆ ಹೋಯಿತು. ಸೋಲಾರ್ ಬೇಲಿ ನಾನು ಆನ್ ಮಾಡುವುದನ್ನೇ ಮರೆತಿದ್ದೆ, ಅರಣ್ಯ ಇಲಾಖೆಗೆ ಫೋನ್ ಮಾಡಿ ಬೈದಾದ ಮೇಲೆ ಗೊತ್ತಾಯಿತು. ಇದು ಆತ್ಮಾವಲೋಕನದ ಲೆಕ್ಕಕ್ಕೆ ಬರುತ್ತದಾ?

ರಿಟೈರ್ಡ್ ಸುಬೇದಾರ್ · ಸಂಜೆ 4:31

ಬರುತ್ತದೆ. ಈಗ ಮತ್ತೆ ಫೋನ್ ಮಾಡಿ ಅದನ್ನೂ ಹೇಳಿ.

ಮಾಜಿ ಮೆಂಬರ್ · ಸಂಜೆ 5:00

ಮಳೆಡೈರಿ ಅವರೇ, ಕೆಲಸದ ಮಾತು. ಪಟ್ಟಿಗೆ ಸೇರಿತು ಅಂದರೆ ಮುಗಿಯಿತು ಅಂತಲ್ಲ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಪಂಚಾಯಿತಿಗೆ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ, ನೀರಿನ ವಿಷಯ ನಡಾವಳಿಯಲ್ಲಿ ಬರೆದಿದ್ದಾರಾ ಅಂತ ಕೇಳಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಮತ್ತೆ ಆ ಟೀಚರ್ ಮನೆಗೆ ಒಂದು ಸಲ ಹೋಗಿ ಬನ್ನಿ.

ಮಳೆಡೈರಿ · ಮರುದಿನ ರಾತ್ರಿ 9:15

ಹೋಗಿ ಬಂದೆ.

ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಹೋದೆ, ಗಿಡಕ್ಕೂ ಹೇಳಿದೆ ಅನ್ನಿ. ಟೀಚರ್ ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದರು. ನಾನು ಮೊನ್ನೆ ಕೂಗಿದ್ದು ತಪ್ಪಾಯಿತು ಮೇಡಂ ಅಂದೆ. ಅವರು ಕತ್ತೆತ್ತಿ ನೋಡಿ, "ಯಾವತ್ತು?" ಅಂದರು. ಅವರಿಗೆ ನೆನಪೇ ಇಲ್ಲ. ಸಭೆಯಲ್ಲಿ ಅಷ್ಟು ಜನ ಕೂಗುತ್ತಾರೆ, ಯಾರದ್ದು ಅಂತ ಇಟ್ಟುಕೊಳ್ಳಲಿ ಅಂದರು. ನಾನು ಮೂರು ದಿನ ನಿದ್ರೆ ಕೆಟ್ಟದ್ದೆಲ್ಲ ನನ್ನೊಬ್ಬನದೇ ಸಂಪತ್ತು!

ಆಮೇಲೆ ಕಾಲನಿಗೆ ಕರೆದುಕೊಂಡು ಹೋದರು. ಬೋರ್‌ವೆಲ್ ಇದೆ, ಟ್ಯಾಂಕ್ ಇದೆ, ಮೋಟಾರ್ ಸುಟ್ಟು ನಾಲ್ಕು ತಿಂಗಳು. ಇಷ್ಟು ದಿನ ನಾನು ಕಾಲನಿಗೆ ಹೊಸ ಯೋಜನೆಯೇ ಬೇಕೇನೋ ಅಂದುಕೊಂಡಿದ್ದೆ, ಹೋಗಿ ನೋಡಿದವನಲ್ಲ. ಕೊಡ ಇಟ್ಟ ಸಾಲನ್ನು ಎಣಿಸಿದೆ, ಇಪ್ಪತ್ತಮೂರು ಕೊಡ. ಅರ್ಜಿಯಲ್ಲಿ ಅದನ್ನೂ ಬರೆದಿದ್ದೇನೆ. ನಾಳೆ ಟೀಚರ್ ಸಹಿ ಹಾಕಿಸಿ ಕೊಡಬೇಕು. ಮುಂದಿನ ವಾರ್ಡ್ ಸಭೆ ಸಂಜೆ ಇಡಿ ಅಂತ ಕೆಳಗೆ ಇನ್ನೊಂದು ಸಾಲು.

ಲೈನ್‌ಮನೆ ಹುಡುಗಿ · ರಾತ್ರಿ 9:22

ನಿಮ್ಮ ರಸ್ತೆ ವಾಪಸ್ ತೆಗೆದುಕೊಂಡಿರಾ?

ಮಳೆಡೈರಿ · ರಾತ್ರಿ 9:30

ಇಲ್ಲ. ರಸ್ತೆಯೂ ಬೇಕು, ಮಳೆಗಾಲದಲ್ಲಿ ಪಿಕಪ್ ಹೂತು ಹೋಗುತ್ತದೆ. ಅರ್ಜಿಯಲ್ಲಿ ಎರಡನೇ ನಂಬರಿಗೆ ಬರೆದಿದ್ದೇನೆ. ಓಡಾಡುವ ಮೂರು ಗಾಡಿಯಲ್ಲಿ ಎರಡು ನಮ್ಮವೇ ಅಂತಲೂ.